ಅನುವಾದ ಹಳಸದಂತೆ ಕಾಯುವುದು: ಪೈಥಾನ್ ಡಾಕ್ಸ್‌ನ ಕನ್ನಡ ಆವೃತ್ತಿಗೆ ಕಲಬುರಗಿಯಿಂದ ಒಂದು ಕೈಪಿಡಿ

ಜೇವರ್ಗಿ ಕಡೆಯ ಒಬ್ಬ ಡಿಪ್ಲೊಮಾ ಹುಡುಗ ಒಮ್ಮೆ ಫೋನ್ ಮಾಡಿದ. "ಸರ್ರ, ನಿಮ್ಮ ಪುಟದಾಗ ಇದ್ದಂಗೇ ಹೊಡದೀನ್ರಿ. ಅಂಥಾ ಮಾಡ್ಯೂಲೇ ಇಲ್ಲ ಅಂತದ." ಅವನು ನೋಡುತ್ತಿದ್ದದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಡಾಕ್ಸ್‌ನಿಂದ, ಎಂದರೆ ಬಳಕೆ ವಿವರಿಸುವ ಪುಟಗಳಿಂದ, ನಾವೇ ಕನ್ನಡಕ್ಕೆ ತಂದಿದ್ದ ಒಂದು ಪುಟ. ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲ್ (ಸಿದ್ಧ ಕೋಡಿನ ಕಟ್ಟು) ಬಳಸಿ, ಬರೆದ ಪ್ರೋಗ್ರಾಮನ್ನು ಬೇರೆಯವರಿಗೆ ಕೊಡಲು ಪ್ಯಾಕೇಜ್ ಕಟ್ಟುವ ಬಗೆ ಅದರಲ್ಲಿತ್ತು. ಪೈಥಾನ್ 3.10ರಲ್ಲೇ ಡಿಸ್ಟ್‌ಯುಟಿಲ್ಸ್‌ಗೆ ನೋಟಿಸ್ ಕೊಟ್ಟಾಗಿತ್ತು. 2023ರ ಅಕ್ಟೋಬರ್‌ನಲ್ಲಿ ಬಂದ 3.12ರಲ್ಲಿ ಅದನ್ನು ಕಿತ್ತೇ ಹಾಕಿದ್ದರು. ಇಂಗ್ಲಿಷ್ ಡಾಕ್ಸ್‌ನಿಂದ ಆ ಪುಟವೂ ಹೋಗಿತ್ತು. ನಮ್ಮದು ಮಾತ್ರ ಗೋಡೆಗೆ ಅಂಟಿಸಿದ ಹಳೇ ಸಿನಿಮಾ ಪೋಸ್ಟರ್‌ನಂತೆ ಹಾಗೇ ಉಳಿದಿತ್ತು. ಅನುವಾದದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಪುಟ ಹಳಸಿತ್ತು.

ನಾವು ಕಲಬುರಗಿಯಲ್ಲಿ ಆರೇಳು ಜನ. ಇಬ್ಬರು ಪಾಠ ಮಾಡುವವರು, ಉಳಿದವರು ವಿದ್ಯಾರ್ಥಿಗಳು. ಭಾನುವಾರ ಬೆಳಿಗ್ಗೆ ಸೂಪರ್ ಮಾರ್ಕೆಟ್ ಹತ್ತಿರದ ಒಂದು ರೂಮಿನಲ್ಲಿ ಕೂಡುತ್ತೇವೆ. ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲೋ ಉರ್ದುವಿನಲ್ಲೋ ಓದಿ, ಒಮ್ಮೆಲೇ ಇಂಗ್ಲಿಷ್ ಪ್ರೋಗ್ರಾಮಿಂಗ್ ಲ್ಯಾಬಿಗೆ ಬಂದು ಬೀಳುವ ಮಕ್ಕಳಿಗಾಗಿ ಈ ಕೆಲಸ ಶುರುವಾಯಿತು. ಆ ಫೋನ್ ಬಂದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆವು. ಕೆಳಗಿರುವುದು ಆಗ ಕಲಿತದ್ದು. ಪೈಥಾನ್‌ನ ಲೆಕ್ಕದಲ್ಲಿ ಬರೆದಿದ್ದೇನೆ, ಆದರೆ ಸ್ಫಿಂಕ್ಸ್ (ಡಾಕ್ಸ್ ಕಟ್ಟುವ ತಂತ್ರಾಂಶ) ಮತ್ತು ಗೆಟ್‌ಟೆಕ್ಸ್ಟ್ (ಅನುವಾದದ ಸಲಕರಣೆ) ಬಳಸುವ ಯಾವ ಮುಕ್ತ ತಂತ್ರಾಂಶದ ಡಾಕ್ಸ್‌ಗಾದರೂ ಹೆಚ್ಚಿನದು ಹೊಂದುತ್ತದೆ.

ಹೆಜ್ಜೆ 1: ನಕಲು ಬೇಡ, ಮೂಲಕ್ಕೆ ಕಟ್ಟಿಹಾಕಿ

ನಮ್ಮ ಮೊದಲ ತಪ್ಪು ಕೆಲಸದ ಕ್ರಮದಲ್ಲಿತ್ತು. ಇಂಗ್ಲಿಷ್ ಪುಟವನ್ನು ವರ್ಡ್ ಫೈಲಿಗೆ ಹಾಕಿಕೊಂಡು, ಸಾಲಿನ ಮೇಲೆ ಸಾಲು ಕನ್ನಡ ಬರೆದು, ಅದನ್ನೇ ಒಂದು ಪುಟವಾಗಿ ಏರಿಸಿದ್ದೆವು. ಹಾಗೆ ಮಾಡಿದ ಕ್ಷಣವೇ ಮೂಲದ ಜೊತೆಗಿನ ನಂಟು ಕಡಿಯಿತು. ಅಲ್ಲಿ ಏನು ಬದಲಾದರೂ ಇಲ್ಲಿಗೆ ಸುದ್ದಿ ಬರುವುದಿಲ್ಲ.

ಸರಿಯಾದ ದಾರಿ ಹೀಗೆ. ಪೈಥಾನ್‌ನ ಡಾಕ್ಸ್ ಸಿಪೈಥಾನ್ (ಪೈಥಾನ್‌ನ ಮೂಲ ತಂತ್ರಾಂಶ) ರೆಪಾಸಿಟರಿಯ, ಎಂದರೆ ಕೋಡಿನ ಕಣಜದ, ಒಳಗೇ, 'ಡಾಕ್' ಎಂಬ ಫೋಲ್ಡರಿನಲ್ಲಿ, ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ, ಗುರುತು ಹಾಕಿದ ಸಾದಾ ಪಠ್ಯದ ರೂಪದಲ್ಲಿ ಇರುತ್ತವೆ. ಸ್ಫಿಂಕ್ಸ್ ಅವನ್ನು ವೆಬ್ ಪುಟಗಳಾಗಿ ಕಟ್ಟುತ್ತದೆ. ಅದೇ ಸ್ಫಿಂಕ್ಸ್‌ಗೆ ಗೆಟ್‌ಟೆಕ್ಸ್ಟ್ ರೂಪದಲ್ಲಿ ಕಟ್ಟು ಎಂದರೆ ಪ್ರತಿ ಪ್ಯಾರಾವನ್ನೂ ಬಿಡಿಸಿ ಪಿಓಟಿ ಎಂಬ ಖಾಲಿ ಅಚ್ಚಿನ ಫೈಲುಗಳನ್ನು ಕೊಡುತ್ತದೆ. ಅವುಗಳಿಂದ ಕನ್ನಡದ ಪಿಓ ಫೈಲುಗಳು ಹುಟ್ಟುತ್ತವೆ. ಒಳಗೆ ಜೋಡಿ ಜೋಡಿ ನಮೂದುಗಳು: 'ಎಂಎಸ್‌ಜಿಐಡಿ' ಎಂಬಲ್ಲಿ ಇಂಗ್ಲಿಷ್ ಪ್ಯಾರಾ, 'ಎಂಎಸ್‌ಜಿಎಸ್‌ಟಿಆರ್' ಎಂಬಲ್ಲಿ ನಿಮ್ಮ ಕನ್ನಡ. ಕನ್ನಡದ ಜಾಗ ಖಾಲಿ ಇದ್ದರೆ ಪುಟದಲ್ಲಿ ಇಂಗ್ಲಿಷೇ ಬರುತ್ತದೆ.

ಇದರ ಲಾಭ ಕಾಣುವುದು ಮೂಲ ಬದಲಾದಾಗ. ಹೊಸ ಪಿಓಟಿಯನ್ನು ಹಳೆಯ ಪಿಓ ಜೊತೆ ಬೆರೆಸಿದಾಗ, ಇಂಗ್ಲಿಷ್ ಪ್ಯಾರಾ ತುಸುವೇ ಬದಲಾಗಿದ್ದರೂ ಆ ನಮೂದಿನ ನೆತ್ತಿಗೆ 'ಫಜ್ಜಿ' ಎಂಬ ಗುರುತು ಬೀಳುತ್ತದೆ. ಫಜ್ಜಿ ಇರುವ ಕನ್ನಡವನ್ನು ಪುಟ ಕಟ್ಟುವಾಗ ಬಿಟ್ಟುಬಿಡುತ್ತಾರೆ, ಓದುಗನಿಗೆ ಹೊಸ ಇಂಗ್ಲಿಷ್ ಕಾಣುತ್ತದೆ. ಹಳೇ ಕನ್ನಡಕ್ಕಿಂತ ಹೊಸ ಇಂಗ್ಲಿಷ್ ವಾಸಿ ಎನ್ನುವ ತೀರ್ಮಾನ ಈ ವ್ಯವಸ್ಥೆಯೊಳಗೇ ಇದೆ. ನಮ್ಮ ಗುಂಪಿನ ಕನ್ನಡಾಭಿಮಾನಿಗಳಿಗೆ ಇದು ಮೊದಲು ನುಂಗಲಾಗಲಿಲ್ಲ. ಜೇವರ್ಗಿ ಹುಡುಗನ ಕಥೆ ಹೇಳಿದೆ, ಸುಮ್ಮನಾದರು.

ಹೆಜ್ಜೆ 2: ಹೊರುವಷ್ಟೇ ಎತ್ತಿ

ಪೂರ್ತಿ ಡಾಕ್ಸ್ ಎಂದರೆ ನೂರಾರು ಪಿಓ ಫೈಲು. ಅದನ್ನು ನೋಡಿದವರೇ ಎದೆಗುಂದಿ ಹೋಗುತ್ತಾರೆ. ಅದೃಷ್ಟಕ್ಕೆ ಎಲ್ಲಿಂದ ಶುರು ಮಾಡಬೇಕೆಂದು ಪೈಥಾನ್ ಸಮುದಾಯವೇ ಹೇಳಿದೆ. 2017ರಲ್ಲಿ ಬಂದ ಪೆಪ್ 545 (ಪೆಪ್ ಎಂದರೆ ಪೈಥಾನ್ ಸುಧಾರಣೆಯ ಪ್ರಸ್ತಾಪ) ಅನುವಾದಗಳಿಗೆ ನಿಯಮ ಹಾಕಿದ ದಾಖಲೆ. ಜಪಾನಿ, ಫ್ರೆಂಚ್, ಕೊರಿಯನ್ ಭಾಷೆಗಳೆಲ್ಲ ಈ ದಾರಿಯಲ್ಲೇ ಅಧಿಕೃತ ತಾಣದ ಭಾಷಾ ಪಟ್ಟಿಗೆ ಸೇರಿದವು. ಆ ಪಟ್ಟಿಗೆ ಬರಲು ಮೊದಲು ಮುಗಿಯಬೇಕಾದದ್ದು ಟ್ಯುಟೋರಿಯಲ್, ಪೈಥಾನ್ ಜೊತೆಗೇ ಬರುವ ಬಿಲ್ಟ್-ಇನ್ ಫಂಕ್ಷನ್‌ಗಳ (ಹೆಸರು ಕರೆದರೆ ಒಂದು ಕೆಲಸ ಮಾಡುವ ಕೋಡಿನ) ಪುಟ, ಮತ್ತು ದೋಷ ವರದಿ ಮಾಡುವ ಬಗೆ ಹೇಳುವ ಬಗ್ಸ್ ಪುಟ.

ಟ್ಯುಟೋರಿಯಲ್‌ನಲ್ಲಿ 16 ಅಧ್ಯಾಯ. ಬಿಲ್ಟ್-ಇನ್ ಫಂಕ್ಷನ್‌ಗಳು 70ರ ಆಸುಪಾಸು. ಬಗ್ಸ್ ಪುಟ ಒಂದೇ ಕೂತಿಗೆ ಮುಗಿಯುತ್ತದೆ, ಹೊಸಬರ ಕೈಗೆ ಅದನ್ನೇ ಕೊಡಿ. ಅದರಲ್ಲಿ ಅನುವಾದದ ತಪ್ಪನ್ನು ನಿಮ್ಮ ಗುಂಪಿಗೆ ತಿಳಿಸುವ ಕೊಂಡಿಯೂ ಇರಬೇಕು. ಓದುಗನಿಗೆ ದೂರು ಕೊಡಲು ಜಾಗವೇ ಇಲ್ಲದಿದ್ದರೆ ತಪ್ಪುಗಳು ನಮ್ಮ ತನಕ ಬರುವುದೇ ಇಲ್ಲ, ಅಥವಾ ನನ್ನಂತೆ ರಾತ್ರಿ ಹತ್ತಕ್ಕೆ ಫೋನ್ ಎತ್ತಬೇಕಾಗುತ್ತದೆ.

ಇಷ್ಟು ಮುಗಿಯುವ ತನಕ ಬೇರೆ ಪುಟ ಮುಟ್ಟಬೇಡಿ. ಉಮೇದಿನ ಹುಡುಗರು ಅಸಿಂಕ್‌ಐಓ, ರೆಗ್ಯುಲರ್ ಎಕ್ಸ್‌ಪ್ರೆಶನ್‌ನಂಥ ಮುಂದಿನ ಪಾಠಗಳ ಪುಟ ಬೇಕು ಎನ್ನುತ್ತಾರೆ. ಅನುವಾದ ಮಾಡಿದ ಪ್ರತಿ ಪ್ಯಾರಾವನ್ನೂ ವರ್ಷ ವರ್ಷ ಕಾಯಬೇಕು, ಅದನ್ನು ಮೊದಲೇ ಹೇಳಿಬಿಡಿ.

ಹೆಜ್ಜೆ 3: ಲೈಸೆನ್ಸ್, ಹೆಸರು, ಚಾವಿ

ಕನ್ನಡದ ಹೆಸರಿನಲ್ಲಿ ಯಾರಾದರೂ ಮೊದಲೇ ಕೈ ಹಾಕಿದ್ದಾರೆಯೇ ಎಂದು ಅನುವಾದ ಸಂಯೋಜಕರನ್ನು ಕೇಳಿಯೇ ಶುರು ಮಾಡಿ. ಇದ್ದರೆ ಅವರ ಜೊತೆ ಸೇರಿ, ಎರಡನೇ ಮಠ ಕಟ್ಟಬೇಡಿ. ರೆಪಾಸಿಟರಿಯ ಹೆಸರು 'ಪೈಥಾನ್-ಡಾಕ್ಸ್' ಎಂದಾಗಿ, ಕೊನೆಗೆ ಭಾಷೆಯ ಗುರುತು ಬರುವುದು ರೂಢಿ. ಕನ್ನಡದ ಗುರುತು 'ಕೆಎನ್'. ಇಲ್ಲಿಗೆ ಕೊಡುವ ಕೆಲಸವನ್ನು ಸಿಸಿ0 ಎಂಬ ಲೈಸೆನ್ಸ್ ಅಡಿಯಲ್ಲಿ, ಎಂದರೆ ಹಕ್ಕು ಇಟ್ಟುಕೊಳ್ಳದೆ, ಬಿಟ್ಟುಕೊಡುತ್ತೇವೆ ಎಂಬ ಒಪ್ಪಿಗೆ ರೀಡ್‌ಮಿ ಫೈಲಿನಲ್ಲಿ ಮೊದಲ ದಿನವೇ ಇರಲಿ. ಆಮೇಲೆ ಒಬ್ಬೊಬ್ಬರನ್ನೂ ಹುಡುಕಿ ಒಪ್ಪಿಗೆ ಕೇಳುವುದು ತಲೆನೋವು. ಮತ್ತೆ, ಅಡ್ಮಿನ್ ಹಕ್ಕು ಇಬ್ಬರ ಹತ್ತಿರವಾದರೂ ಇರಬೇಕು. ನಮ್ಮ ಹಳೇ ಪುಟದ ಪಾಸ್‌ವರ್ಡ್ ಒಬ್ಬನ ಹತ್ತಿರವೇ ಇತ್ತು, ಅವನು ಪುಣೆಗೆ ಕೆಲಸಕ್ಕೆ ಹೋದ. ಆ ಪುಟವನ್ನು ತೆಗೆದುಹಾಕಲು ಮೂರು ತಿಂಗಳು ಹಿಡಿಯಿತು.

ಹೆಜ್ಜೆ 4: ಪದಪಟ್ಟಿ, ಅಂದರೆ ಜಗಳದ ಪಟ್ಟಿ

ಮೊದಲ ಭಾನುವಾರ ಟ್ಯುಟೋರಿಯಲ್‌ನ ಒಂದು ಪ್ಯಾರಾ ಓದಿ ಹೇಳಿದಾಗ ಒಬ್ಬಾಕೆ ಕೇಳಿದಳು: "ಫಂಕ್ಷನ್‌ಗೆ ಆರ್ಗ್ಯುಮೆಂಟ್ ಕೊಡಬೇಕು ಅಂತೀರಿ. ನಮ್ಮ ಕಡಿ ಫಂಕ್ಷನ್ ಅಂದ್ರ ಮದಿವಿ, ಆರ್ಗ್ಯುಮೆಂಟ್ ಅಂದ್ರ ಜಗಳ. ಮದಿವ್ಯಾಗ ಜಗಳ ತಗೀಬೇಕೇನ್ರಿ ಸರ್?" ಎಲ್ಲರೂ ನಕ್ಕೆವು, ಆದರೆ ಪ್ರಶ್ನೆ ಗಟ್ಟಿ. ಎರವಲು ಪದ ಇಟ್ಟರೆ ಅರ್ಥ ತಾನಾಗಿ ಬರುವುದಿಲ್ಲ. ಹೊಸ ಕನ್ನಡ ಪದ ಕಟ್ಟಿದರೆ ಲ್ಯಾಬಿನಲ್ಲಿ ಯಾರೂ ಅದನ್ನು ಆಡುವುದಿಲ್ಲ.

ನಾವು ಹಾಕಿಕೊಂಡ ನಿಯಮ ಇದು. ಕೋಡಿನಲ್ಲಿ ಅಕ್ಷರಶಃ ಟೈಪ್ ಮಾಡುವ ಹೆಸರಾಗಿದ್ದರೆ, ಎಂದರೆ ಲಿಸ್ಟ್, ಡಿಕ್ಟ್, ಟಪಲ್, ಕ್ಲಾಸ್ ಇಂಥವು, ಹಾಗೇ ಇರಲಿ. ಲಿಸ್ಟ್‌ಗೆ 'ಪಟ್ಟಿ' ಎಂದು ಬರೆದರೆ ಮಗು ಕೋಡಿನಲ್ಲಿ ಪಟ್ಟಿಯನ್ನು ಹುಡುಕುತ್ತದೆ. ಪರಿಕಲ್ಪನೆಯಾಗಿದ್ದು ಆಡುಮಾತಿನಲ್ಲಿ ಸಹಜ ಕನ್ನಡ ಇದ್ದರೆ ಕನ್ನಡವನ್ನೇ ಬಳಸಿ: ಸಾಲು, ಬೆಲೆ, ಹೆಸರು, ಮರಳಿಸು, ಬದಲಾಯಿಸಬಹುದಾದ, ಬದಲಾಯಿಸಲಾಗದ. 'ಕಡತ' ನಮ್ಮ ಕಡೆ ಸರ್ಕಾರಿ ಆಫೀಸಿನಲ್ಲಿ ಮಾತ್ರ ಕೇಳುವ ಪದ, ಫೈಲು ಫೈಲೇ ಆಗಿರಲಿ. ಪ್ಯಾರಾಮೀಟರ್ ಮತ್ತು ಆರ್ಗ್ಯುಮೆಂಟ್ ಎರಡನ್ನೂ ಇಟ್ಟುಕೊಂಡೆವು, ಏಕೆಂದರೆ ಪೈಥಾನ್ ಡಾಕ್ಸ್ ಅವುಗಳನ್ನು ಬೇರೆ ಮಾಡುತ್ತದೆ. ಫಂಕ್ಷನ್ ಬರೆಯುವಾಗ ಆವರಣದಲ್ಲಿ ಇಡುವ ಹೆಸರು ಪ್ಯಾರಾಮೀಟರ್, ಅದನ್ನು ಕರೆಯುವಾಗ ಕೈಗೆ ಕೊಡುವ ಬೆಲೆ ಆರ್ಗ್ಯುಮೆಂಟ್. ಮೊದಲು ಬರುವ ಕಡೆ ಒಂದು ಸಾಲಿನ ವಿವರಣೆ ಸಿಗುತ್ತದೆಯೇ ನೋಡಿ.

ಪಟ್ಟಿಯನ್ನು ಒಂದು ಫೈಲಿನಲ್ಲಿಟ್ಟು ಪ್ರತಿ ಪದದ ಮುಂದೆ ತೀರ್ಮಾನದ ತಾರೀಖು ಮತ್ತು ಕಾರಣ ಬರೆಯಿರಿ. ಕಾರಣ ಬರೆಯದಿದ್ದರೆ ಮುಂದಿನ ಬ್ಯಾಚ್ ಬಂದು ಅದೇ ಜಗಳವನ್ನು ಮೊದಲಿನಿಂದ ಆಡುತ್ತದೆ. ಭಾಷೆಯ ಧಾಟಿಯ ಬಗ್ಗೆಯೂ ಒಂದು ಸಾಲು ಇರಲಿ. ನಾವು ಆಡುವುದು 'ಮಾಡ್ರಿ, ನೋಡ್ರಿ'. ಬರೆಯುವುದು 'ಮಾಡಿ, ನೋಡಿ'. ಮಂಗಳೂರಿನವರೂ ಓದಬೇಕಲ್ಲ.

ಯಂತ್ರದಿಂದ ಕರಡು ತೆಗೆಯುವವರಿಗೆ ಒಂದು ಮಾತು. ನಮ್ಮಲ್ಲೊಬ್ಬ ಎಕ್ಸೆಪ್ಶನ್‌ಗಳ ಅಧ್ಯಾಯವನ್ನು ಹಾಗೆ ಮಾಡಿಸಿ ತಂದ. 'ಎಕ್ಸೆಪ್ಶನ್ ರೇಸ್ ಮಾಡಿ', ಎಂದರೆ ದೋಷದ ಸೂಚನೆ ಎಬ್ಬಿಸಿ, ಎನ್ನಬೇಕಾದಲ್ಲಿ 'ವಿನಾಯಿತಿ ಹೆಚ್ಚಿಸಿ' ಎಂದಿತ್ತು. ತೆರಿಗೆ ಸುತ್ತೋಲೆ ಓದಿದಂತಾಯಿತು. ಕರಡು ಎಲ್ಲಿಂದಲಾದರೂ ಬರಲಿ, ಅದು ಫಜ್ಜಿ ಗುರುತು ಹೊತ್ತೇ ಒಳಗೆ ಬರಬೇಕು. ಮನುಷ್ಯ ಓದಿದ ಮೇಲೆ ಮಾತ್ರ ಗುರುತು ತೆಗೆಯಿರಿ.

ಹೆಜ್ಜೆ 5: ಪ್ರತ್ಯಯ, ಬ್ಯಾಕ್‌ಟಿಕ್, ಕಣ್ಣಿಗೆ ಕಾಣದ ಅಕ್ಷರ

ಈ ಭಾಗ ಯಾವ ಇಂಗ್ಲಿಷ್ ಗೈಡಿನಲ್ಲೂ ನಮಗೆ ಸಿಗಲಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಫಂಕ್ಷನ್ನಿನ ಹೆಸರಿಗೆ ಕೊಂಡಿ ಹಾಕಲು ಒಂದು ರೋಲ್ (ಕೊಂಡಿಯ ಬಗೆ ಹೇಳುವ ಗುರುತು) ಬರೆದು ಹೆಸರನ್ನು ಬ್ಯಾಕ್‌ಟಿಕ್ ಎಂಬ ಓರೆ ಚಿಹ್ನೆಗಳ ನಡುವೆ ಇಡುತ್ತಾರೆ. ಕನ್ನಡ ಲಿಪಿಯಲ್ಲಿ ತೋರಿಸುವುದಾದರೆ :ಫಂಕ್:`ಪ್ರಿಂಟ್` ಎಂಬ ಹಾಗೆ. ಫೈಲಿನಲ್ಲಿ ರೋಮನ್ ಅಕ್ಷರವೇ ಇರಬೇಕು. ಇಂಗ್ಲಿಷಿನಲ್ಲಿ ಅದರ ಮುಂದೆ ಖಾಲಿ ಜಾಗ ಬರುತ್ತದೆ, ತೊಂದರೆ ಇಲ್ಲ. ಕನ್ನಡದಲ್ಲಿ ವಿಭಕ್ತಿ ಅಂಟಿಕೊಂಡೇ ಬರಬೇಕು: ಪ್ರಿಂಟ್‌ಗೆ, ಪ್ರಿಂಟ್ ಅನ್ನು, ಪ್ರಿಂಟ್‌ನಿಂದ. ಆದರೆ ಮುಚ್ಚುವ ಬ್ಯಾಕ್‌ಟಿಕ್ ಆದ ಕೂಡಲೇ ಅಕ್ಷರ ಬಂದರೆ ಅದು ಮುಚ್ಚಿದೆ ಎಂದು ಸ್ಫಿಂಕ್ಸ್‌ಗೆ ಗೊತ್ತಾಗುವುದಿಲ್ಲ. ಖಾಲಿ ಜಾಗವೋ ವಿರಾಮ ಚಿಹ್ನೆಯೋ ಬೇಕು. ಇಲ್ಲದಿದ್ದರೆ ಕೊಂಡಿ ಒಡೆದು ಬ್ಯಾಕ್‌ಟಿಕ್‌ಗಳೇ ಪುಟದಲ್ಲಿ ಹಲ್ಲು ಕಿರಿಯುತ್ತವೆ.

ಪರಿಹಾರ ಇದೆ. ಬ್ಯಾಕ್‌ಟಿಕ್ ಆದ ಮೇಲೆ ಒಂದು ಬ್ಯಾಕ್‌ಸ್ಲ್ಯಾಶ್, ಒಂದು ಖಾಲಿ ಜಾಗ, ಆಮೇಲೆ ಪ್ರತ್ಯಯ. ಪುಟ ಕಟ್ಟುವಾಗ ಬ್ಯಾಕ್‌ಸ್ಲ್ಯಾಶ್ ಮತ್ತು ಆ ಜಾಗ ಎರಡೂ ಮಾಯವಾಗಿ ಪ್ರತ್ಯಯ ಹೆಸರಿಗೆ ಅಂಟಿಕೊಳ್ಳುತ್ತದೆ. ಆದರೆ ಪಿಓ ಫೈಲಿನಲ್ಲಿ ಬ್ಯಾಕ್‌ಸ್ಲ್ಯಾಶ್‌ಗೆ ಬೇರೆಯೇ ಅರ್ಥ ಇರುವುದರಿಂದ ಅಲ್ಲಿ ಎರಡು ಬರೆಯಬೇಕು: `\\ ` ಎಂದು. ಪಿಓ ಫೈಲು ತಿದ್ದುವ ಪೊಎಡಿಟ್‌ನಂಥ ತಂತ್ರಾಂಶದಲ್ಲಿ ಟೈಪ್ ಮಾಡಿದರೆ ಎರಡನೆಯದನ್ನು ಅದೇ ಸೇರಿಸುತ್ತದೆ. ಸಾದಾ ಎಡಿಟರ್ ಬಳಸುವವರು ನೆನಪಿಡಬೇಕು.

ನನ್ನನ್ನು ಕೇಳಿದರೆ ಅದಕ್ಕಿಂತ ಒಳ್ಳೆಯದು ವಾಕ್ಯವನ್ನೇ ತಿರುಗಿಸುವುದು. ಹೆಸರಿನ ಮುಂದೆ 'ಫಂಕ್ಷನ್' ಎಂಬ ಪದ ಇಟ್ಟು ವಿಭಕ್ತಿಯನ್ನು ಅದಕ್ಕೆ ಹಚ್ಚಿ: 'ಪ್ರಿಂಟ್ ಫಂಕ್ಷನ್ನಿಗೆ ಬೆಲೆ ಕೊಡಿ'. ಹೆಸರು ಬರಿಯದಾಗಿ ಉಳಿಯುತ್ತದೆ, ಓದಲೂ ಸಲೀಸು.

ಹೆಸರು ಬರಿಯದಾಗಿರುವುದರಿಂದ ಇನ್ನೊಂದು ಉಪಕಾರವೂ ಇದೆ. ಸ್ಫಿಂಕ್ಸ್‌ನ ಹುಡುಕಾಟ ಹಲವು ಭಾಷೆಗಳ ಪದಗಳ ಬಾಲ ಕತ್ತರಿಸಿ ಮೂಲರೂಪ ಹಿಡಿಯಬಲ್ಲದು. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. 'ಮಾಡ್ಯೂಲಿನಿಂದ' ಎಂದು ಹುಡುಕಿದವನಿಗೆ 'ಮಾಡ್ಯೂಲ್' ಇರುವ ಪುಟ ಸಿಗುವುದಿಲ್ಲ. ಆದ್ದರಿಂದ ತಲೆಬರಹಗಳಲ್ಲಿ ಪದ ಪ್ರತ್ಯಯವಿಲ್ಲದೆ ಇರಲಿ.

ಇನ್ನು ಕಾಣದ ಅಕ್ಷರ. 'ಫೈಲ್‌ಗಳು' ಎಂದು ಬರೆಯುವಾಗ ಅರ್ಧ ಲ ಆದ ಮೇಲೆ ಗ ಅದರ ಕೆಳಗೆ ಒತ್ತಾಗಿ ಇಳಿಯದಂತೆ ತಡೆಯಲು ನಾವು ಒಂದು ಝೀರೋ ವಿಡ್ತ್ ನಾನ್-ಜಾಯ್ನರ್ ಹಾಕುತ್ತೇವೆ. ಕೆಲವರ ಕೀಬೋರ್ಡ್ ಹಾಕುತ್ತದೆ, ಕೆಲವರದ್ದು ಹಾಕುವುದಿಲ್ಲ. ಕಂಪ್ಯೂಟರಿನ ಕಣ್ಣಿಗೆ ಅವೆರಡು ಬೇರೆ ಬೇರೆ ಪದ, ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಕೋಡಿನ ಒಳಗಂತೂ ಇದು ಬಲೆ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೂ ಇರಬಹುದು, 'ಕಲಬುರಗಿ' ಎಂದು ಇಟ್ಟರೆ ನಡೆಯುತ್ತದೆ. ಆದರೆ 'ಫೈಲ್‌ಗಳು' ಎಂದು ಆ ಕಾಣದ ಅಕ್ಷರ ಸಮೇತ ಇಟ್ಟರೆ ಸಿಂಟ್ಯಾಕ್ಸ್ ಎರರ್. ಉದಾಹರಣೆ ಕೋಡಿನಲ್ಲಿ ಕನ್ನಡ ಹೆಸರು ಬಳಸಲೇಬೇಕೆಂದರೆ ಈ ಅಕ್ಷರ ಬೇಡದ ಪದಗಳನ್ನೇ ಆರಿಸಿ.

ಅಂಕಿಯ ಕಥೆ ಇನ್ನೂ ಮಜಾ. ಪಠ್ಯವನ್ನು ಸಂಖ್ಯೆಯಾಗಿಸುವ ಇಂಟ್ ಫಂಕ್ಷನ್ನಿಗೆ '೧೨' ಎಂಬ ಸ್ಟ್ರಿಂಗ್ (ಉದ್ಧರಣ ಚಿಹ್ನೆಯೊಳಗಿನ ಪಠ್ಯ) ಕೊಟ್ಟರೆ ತಕರಾರಿಲ್ಲದೆ 12 ಎನ್ನುತ್ತದೆ. ಅದೇ ೧೨ನ್ನು ಉದ್ಧರಣ ಚಿಹ್ನೆ ಇಲ್ಲದೆ ಕೋಡಿನಲ್ಲಿ ಬರೆದರೆ ಒಪ್ಪುವುದಿಲ್ಲ. ಹೀಗಾಗಿ ಡಾಕ್ಸ್ ತುಂಬ 1, 2, 3 ಮಾತ್ರ.

ಸ್ಟ್ರಿಂಗ್‌ಗಳ ಅಧ್ಯಾಯಕ್ಕೆ ಬಂದಾಗ ಒಂದು ಪ್ರಲೋಭನೆ ಕಾದಿರುತ್ತದೆ. 'ಕಲಬುರಗಿ' ಪದದ ಉದ್ದ ಕೇಳಿದರೆ ಲೆನ್ ಫಂಕ್ಷನ್ 7 ಎನ್ನುತ್ತದೆ, ಕಣ್ಣಿಗೆ ಕಾಣುವುದು 5 ಅಕ್ಷರ. ಬು ಮತ್ತು ಗಿ ಒಳಗಿನ ಸ್ವರ ಚಿಹ್ನೆಗಳನ್ನು ಪೈಥಾನ್ ಬೇರೆಯಾಗಿ ಎಣಿಸುವುದೇ ಕಾರಣ. ಅದೇ ಕಾರಣಕ್ಕೆ ಇದೆಲ್ಲ ಅಕ್ಷರವೇ ಎಂದು ಇಸ್‌ಆಲ್ಫಾ ಎಂಬುದರಿಂದ ಕೇಳಿದರೆ 'ಫಾಲ್ಸ್', ಎಂದರೆ 'ಅಲ್ಲ', ಬರುತ್ತದೆ. ಇದನ್ನು ಕನ್ನಡ ಓದುಗನಿಗೆ ಹೇಳಲೇಬೇಕು ಅನ್ನಿಸುತ್ತದೆ. ಹೇಳಿ, ಆದರೆ ಅನುವಾದದೊಳಗೆ ತುರುಕಬೇಡಿ. ಮೂಲದಲ್ಲಿ ಇಲ್ಲದ ಮಾತು ಎಂಎಸ್‌ಜಿಎಸ್‌ಟಿಆರ್‌ನಲ್ಲಿ ಸೇರಿದರೆ ಮುಂದೆ ಕಾಯುವವರಿಗೆ ಯಾವುದು ಪೈಥಾನ್ ಹೇಳಿದ್ದು, ಯಾವುದು ನಾವು ಹೇಳಿದ್ದು ಗೊತ್ತಾಗುವುದಿಲ್ಲ. ನಾವು ಇಂಥವಕ್ಕೆ ಬೇರೆ ಟಿಪ್ಪಣಿ ಪುಟ ಮಾಡಿದ್ದೇವೆ. ಜನ ಹೆಚ್ಚು ಓದುವುದು ಅದನ್ನೇ, ಆ ಮಾತು ಬೇರೆ.

ಹೆಜ್ಜೆ 6: ಒಳಗೆ ಬಿಡುವ ಮುನ್ನ

ಯಂತ್ರ ನೋಡಬೇಕಾದದ್ದನ್ನು ಯಂತ್ರಕ್ಕೇ ಬಿಡಿ. ಗೆಟ್‌ಟೆಕ್ಸ್ಟ್‌ನ ಎಂಎಸ್‌ಜಿಎಫ್‌ಎಂಟಿಯಿಂದ ಪಿಓ ಫೈಲು ಸರಿ ಇದೆಯೇ ಎಂದು ನೋಡಿಸಿ, ಬರೆದ ರೀತಿಯ ತಪ್ಪು ಹಿಡಿಯುವ ಸ್ಫಿಂಕ್ಸ್-ಲಿಂಟ್ ಓಡಿಸಿ, ಆಮೇಲೆ ಎಚ್ಚರಿಕೆಗಳನ್ನೂ ದೋಷವೆಂದೇ ಎಣಿಸುವಂತೆ ಹೇಳಿ ಪುಟ ಕಟ್ಟಿಸಿ. ಪ್ರತಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂದಾಗ ಇವು ತಾವಾಗಿ ನಡೆಯುವಂತೆ, ರೆಪಾಸಿಟರಿ ಇಡುವ ಗಿಟ್‌ಹಬ್ ತಾಣದ ಆಕ್ಷನ್ಸ್ ಸೌಲಭ್ಯದಲ್ಲಿ ಒಮ್ಮೆ ಹೊಂದಿಸಿದರೆ ಸಾಕು. ಕೋಡಿನ ತುಣುಕು ಅನುವಾದಕ್ಕೆ ಬಂದಿದ್ದರೆ ಕಮೆಂಟ್‌ಗಳನ್ನಷ್ಟೇ ಕನ್ನಡಕ್ಕೆ ತಂದು, ಕೋಡನ್ನು ಓಡಿಸಿ ನೋಡಿ.

ಮನುಷ್ಯನ ಓದಿಗೆ ಇಬ್ಬರು ಬೇಕು. ಒಬ್ಬರಿಗೆ ಪೈಥಾನ್ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ನಮ್ಮ ಎರಡನೇ ಓದುಗರು ಗುಂಪಿನ ಹುಡುಗನೊಬ್ಬನ ಕಾಕಾ, ಕಿರಾಣಿ ಅಂಗಡಿಯವರು. ಫಾರ್ ಲೂಪಿನ ಪ್ಯಾರಾ ಓದಿ, "ಚೀಲದಾಗಿನ ಒಂದೊಂದು ಸಾಮಾನ ತಗದು ಅದಕ್ಕ ಒಂದೇ ಕೆಲಸ ಮಾಡೂದು, ಹೌದಿಲ್ಲೋ?" ಎಂದರು. ಅವರು ತಡವರಿಸಿದ ಪ್ಯಾರಾ ಮರಳಿ ಬರೆಯಲು ಹೋಗುತ್ತದೆ.

ಡಿಟಿಪಿ ಅಂಗಡಿಯಿಂದ ಟೈಪ್ ಮಾಡಿಸಿ ತಂದ ಪಠ್ಯ ಯೂನಿಕೋಡ್ ಹೌದೋ ಅಲ್ಲವೋ ನೋಡಿಕೊಳ್ಳಿ. ಹಳೇ ಫಾಂಟಿನದ್ದಾದರೆ ಪರಿವರ್ತಿಸಿಯೇ ಸೇರಿಸಬೇಕು.

ಹೆಜ್ಜೆ 7: ಫಜ್ಜಿ ಕಳೆ, ವರ್ಷದ ಪಂಚಾಂಗ

2019ರಲ್ಲಿ ಒಪ್ಪಿದ ಪೆಪ್ 602ರ ನಂತರ ಪೈಥಾನ್‌ನ ಹೊಸ ಆವೃತ್ತಿ ಪ್ರತಿ ಅಕ್ಟೋಬರ್‌ನಲ್ಲಿ ಬರುತ್ತದೆ. ಮೇ ತಿಂಗಳ ಮೊದಲ ಬೀಟಾದ (ಪರೀಕ್ಷಾ ಆವೃತ್ತಿಯ) ಹೊತ್ತಿಗೆ ಹೊಸ ಸೌಲಭ್ಯಗಳ ಬಾಗಿಲು ಮುಚ್ಚುತ್ತದೆ, ಆಮೇಲೆ ಡಾಕ್ಸ್‌ನಲ್ಲೂ ದೊಡ್ಡ ಬದಲಾವಣೆ ಕಡಿಮೆ. ಒಂದು ಆವೃತ್ತಿಯ ಆಯಸ್ಸು ಒಟ್ಟು 5 ವರ್ಷ.

ನಮ್ಮ ಪಂಚಾಂಗದಲ್ಲಿ ಇನ್ನೊಂದು ಬೆಳೆಯೂ ಇದೆ. ಗುಂಪಿನಲ್ಲಿ ಮೂವರು ತೊಗರಿ ಹೊಲದ ಮಕ್ಕಳು. ಜೂನ್-ಜುಲೈ ಬಿತ್ತನೆಗೆ ಒಮ್ಮೆ, ಡಿಸೆಂಬರ್-ಜನವರಿ ರಾಶಿಗೆ ಒಮ್ಮೆ ಊರಿಗೆ ಹೋಗುತ್ತಾರೆ. ಏಪ್ರಿಲ್-ಮೇನಲ್ಲಿ ಪರೀಕ್ಷೆ, ಮೇಲೆ 42-43 ಡಿಗ್ರಿ ಬಿಸಿಲು, ಕರೆಂಟಿನ ಕಣ್ಣಾಮುಚ್ಚಾಲೆ. ಇದೆಲ್ಲ ಕಳೆದು ಉಳಿದದ್ದು ಆಗಸ್ಟ್‌ನಿಂದ ನವೆಂಬರ್. ಅದು ಪೈಥಾನ್‌ನ ಅಕ್ಟೋಬರ್‌ಗೆ ಸರಿಯಾಗಿ ಹೊಂದಿದ್ದು ನಮ್ಮ ಪುಣ್ಯ. ಹೊಸ ಆವೃತ್ತಿಯ ಪಿಓಟಿ ಆಗಸ್ಟ್‌ನಲ್ಲಿ ಎಳೆದುಕೊಂಡು, ಬಿಡುಗಡೆಯ ಹೊತ್ತಿಗೆ ಟ್ಯುಟೋರಿಯಲ್‌ನ ಫಜ್ಜಿಗಳನ್ನು ತೀರಿಸುತ್ತೇವೆ. ಉಳಿದ ತಿಂಗಳಲ್ಲಿ ಒಂದೇ ನಿಯಮ: ತಿಂಗಳ ಮೊದಲ ಭಾನುವಾರ ಮೂಲದ ಜೊತೆ ಬೆರೆಸು, ಫಜ್ಜಿ ಎಣಿಸಿ ಬರೆದಿಡು. ತೀರಿಸಲು ಆಗದಿದ್ದರೂ ಬೆರೆಸುವುದನ್ನು ಮಾತ್ರ ತಪ್ಪಿಸಬೇಡಿ.

ಬೆರೆಸಲು ಗೆಟ್‌ಟೆಕ್ಸ್ಟ್‌ನ ಎಂಎಸ್‌ಜಿಮರ್ಜ್ ಬಳಸುವಾಗ 'ಪ್ರೀವಿಯಸ್' ಎಂಬ ಆಯ್ಕೆ ಹಾಕಿ. ಹಳೆಯ ಇಂಗ್ಲಿಷ್ ಪ್ಯಾರಾ ಹೊಸದರ ಪಕ್ಕದಲ್ಲೇ ಟಿಪ್ಪಣಿಯಾಗಿ ಉಳಿಯುತ್ತದೆ. ಆಗ ಬದಲಾದದ್ದು ಬರೀ ಒಂದು ಅಲ್ಪವಿರಾಮವೋ, 'ಬೇಕು' ಹೋಗಿ 'ಬಾರದು' ಆಗಿದೆಯೋ ಕಣ್ಣಿಗೆ ಬೀಳುತ್ತದೆ. ಇದು ಗೊತ್ತಿಲ್ಲದೆ ನಾವು ಒಂದು ಇಡೀ ಮಳೆಗಾಲ ಪ್ರತಿ ಫಜ್ಜಿಯನ್ನೂ ಮೊದಲಿನಿಂದ ಓದಿದೆವು. ಹುಷಾರು: ಫಜ್ಜಿ ಗುರುತನ್ನು ಸುಮ್ಮನೆ ಅಳಿಸಿ ಶೇಕಡಾವಾರು ಏರಿಸುವುದು ಸುಲಭ. ಹಾಗೆ ಮಾಡಿದವನು ಜೇವರ್ಗಿಯ ಫೋನನ್ನು ತಾನೇ ಎತ್ತಲಿ ಎಂದು ನಮ್ಮಲ್ಲಿ ಕಟ್ಟಳೆ.

ರೆಪಾಸಿಟರಿಯ ಬ್ರಾಂಚ್‌ಗಳು (ಕವಲುಗಳು) ಆವೃತ್ತಿಯ ಹೆಸರಿನಲ್ಲೇ ಇರುತ್ತವೆ: 3.13, 3.14 ಹೀಗೆ. ಕೆಲಸ ಯಾವಾಗಲೂ ಬಿಡುಗಡೆಯಾದ ಹೊಸದರ ಮೇಲೆ. ಹಿಂದಿನದಕ್ಕೆ ಹೊಂದುವ ನಮೂದುಗಳು ಬೆರೆಸುವಾಗ ಬಂದಷ್ಟು ಬರಲಿ. ಭದ್ರತೆಯ ತಿದ್ದುಪಡಿ ಮಾತ್ರ ಪಡೆಯುವ ಹಂತಕ್ಕೆ ಹೋದ ಆವೃತ್ತಿಗೆ ಹೊಸದಾಗಿ ಕೈ ಹಾಕಬೇಡಿ.

ನೆಟ್ ಇಲ್ಲದೆಯೂ ಈ ಕೆಲಸ ನಡೆಯುತ್ತದೆ ಎನ್ನುವುದು ನಮಗೆ ದೊಡ್ಡ ಅನುಕೂಲ. ಬದಲಾವಣೆಗಳ ಲೆಕ್ಕ ಇಡುವ ಗಿಟ್ ಮತ್ತು ಪೊಎಡಿಟ್ ಎರಡೂ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ. ಊರಿಗೆ ಹೋದವರು ರಾತ್ರಿ ಒಂದಿಷ್ಟು ನಮೂದು ಮಾಡಿಟ್ಟು, ಸಂತೆಗೆ ಬಂದಾಗ ಏರಿಸುತ್ತಾರೆ.

ಹೆಜ್ಜೆ 8: ತಪ್ಪು ಮೂಲದಲ್ಲೇ ಇದ್ದರೆ

ಅನುವಾದಕನಷ್ಟು ನಿಧಾನವಾಗಿ ಡಾಕ್ಸ್ ಓದುವವರು ಬೇರೆ ಯಾರೂ ಇಲ್ಲ. ಹಾಗಾಗಿ ಇಂಗ್ಲಿಷಿನ ತಪ್ಪು, ಎರಡರ್ಥದ ವಾಕ್ಯ, ಸತ್ತ ಕೊಂಡಿ ನಿಮ್ಮ ಕಣ್ಣಿಗೇ ಬೀಳುತ್ತವೆ. ಕನ್ನಡದಲ್ಲಿ ಗುಟ್ಟಾಗಿ ತಿದ್ದಿ ಮುಂದೆ ಹೋಗಬೇಡಿ. ಸಿಪೈಥಾನ್‌ಗೇ ಪುಲ್ ರಿಕ್ವೆಸ್ಟ್ ಕಳಿಸಿ. ಮೊದಲ ಸಲ ಕೊಡುಗೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಅದು ಆನ್‌ಲೈನಿನಲ್ಲೇ ಆಗುತ್ತದೆ. ತಿದ್ದುಪಡಿ ಒಪ್ಪಿಗೆಯಾದ ಮೇಲೆ ಅದು ನಿಮ್ಮ ಪಿಓಗೇ ಫಜ್ಜಿಯಾಗಿ ಮರಳಿ ಬರುತ್ತದೆ, ತಾನೇ ಕಳಿಸಿದ ಪತ್ರ ತನಗೇ ಬಂದ ಹಾಗೆ. ಬಿ.ಇ. ಎರಡನೇ ವರ್ಷದ ಮಕ್ಕಳಿಗೆ ಅಲ್ಲಿ ತಮ್ಮ ಒಂದು ಸಾಲು ಸೇರಿತೆಂದರೆ ಆಗುವ ಹಿಗ್ಗೇ ಬೇರೆ, ಮನೆಯಲ್ಲಿ ಏನು ಹೇಳಿ ತಿಳಿಸಬೇಕೆಂದು ಮಾತ್ರ ಗೊತ್ತಾಗುವುದಿಲ್ಲ.

ಹೆಜ್ಜೆ 9: ಕೈ ಬದಲಿಸುವುದು

ವಿದ್ಯಾರ್ಥಿಗಳ ಗುಂಪು ಎಂದರೆ ನಾಲ್ಕು ವರ್ಷಕ್ಕೊಮ್ಮೆ ಪೂರ್ತಿ ಬದಲಾಗುವ ಗುಂಪು. ಅದಕ್ಕೆ ಸಂಯೋಜಕರ ಹೊಣೆ ವರ್ಷಕ್ಕೊಮ್ಮೆ ಕೈ ಬದಲಿಸುತ್ತದೆ, ಹಳಬರು ಒಂದು ವರ್ಷ ಎರಡನೇ ಅಡ್ಮಿನ್ ಆಗಿ ಉಳಿಯುತ್ತಾರೆ. ಬಿಟ್ಟುಕೊಡುವವರು ಒಂದು ಪುಟ ಬರೆದು ಕೊಡಬೇಕು: ಯಾವ ಅಧ್ಯಾಯ ಯಾರ ಕೈಯಲ್ಲಿದೆ, ಯಾವ ಪದದ ಜಗಳ ಇನ್ನೂ ಮುಗಿದಿಲ್ಲ, ಯಾರಿಗೆ ಫೋನ್ ಮಾಡಿದರೆ ಎತ್ತುತ್ತಾರೆ.

ಈ ಸಲ ನನ್ನಿಂದ ತೆಗೆದುಕೊಂಡದ್ದು ಸೇಡಂನ ಹುಡುಗಿ, ಮದುವೆಯಲ್ಲಿ ಜಗಳದ ಪ್ರಶ್ನೆ ಕೇಳಿದಾಕೆಯೇ. ನನ್ನ ಪುಟ ಓದಿ ಮುಗಿಸಿ, ಕೆಳಗೆ ತನ್ನ ಮೊದಲ ಸಾಲು ಬರೆದಳು: "ಕ್ಲಾಸ್ ಅಧ್ಯಾಯದಾಗ 11 ಫಜ್ಜಿ ಬಾಕಿ ಅವ. ರಾಶಿಗೆ ಹೋಗೂದ್ರೊಳಗ ಮುಗೀಬೇಕು, ಸರ್ ನೀವು 4 ತಗೋರಿ."